ಗೇರು, ಸೊನೆ, ಕಾಂಗ್ರೆಸ್ ಗಿಡ: ಕೋಲಾರ ಸೀಮೆಯ ಮೈತುರಿಕೆಯ ಚರಿತ್ರೆ

ನಮ್ಮ ನುಡಿಯಲ್ಲಿ ಒಳಗಿನ ಬೇನೆಗಳಿಗಿಂತ ಮೈಮೇಲಿನ ಬೇನೆಗಳಿಗೇ ಹೆಸರುಗಳು ಹೆಚ್ಚು. ಕಜ್ಜಿ, ತುರಿ, ಇಸಬು, ಹುಳುಕಡ್ಡಿ, ಗಜಕರ್ಣ, ಚಿಬ್ಬು, ತೊನ್ನು, ಬೆವರುಸಾಲೆ, ಸರ್ಪಸುತ್ತು—ಹೇಳುತ್ತ ಹೋದರೆ ಪಟ್ಟಿ ಬೇಗ ಮುಗಿಯುವುದಿಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಯಕೃತ್ತಿನಲ್ಲಿ ಏನು ನಡೆದಿದೆ ಎಂಬುದು ವೈದ್ಯನಿಗೂ ಒಮ್ಮೊಮ್ಮೆ ತಿಳಿಯದು. ಕೆನ್ನೆಯ ಮೇಲೆ ಏನು ನಡೆದಿದೆ ಎಂಬುದು ಎದುರುಮನೆಯವರಿಗೂ ತಿಳಿಯುತ್ತದೆ. ತಿಳಿದವರು ಸುಮ್ಮನಿರುವುದಿಲ್ಲ. ಒಬ್ಬರು ಪಥ್ಯ ಹೇಳುತ್ತಾರೆ. ಇನ್ನೊಬ್ಬರು ಹರಕೆ ಹೇಳುತ್ತಾರೆ. ಮೂರನೆಯವರು ಏನೂ ಹೇಳದೆ ಜಗಲಿಯಲ್ಲಿ ಒಂದು ಮೊಳ ದೂರ ಸರಿದು ಕೂರುತ್ತಾರೆ. ಹೊಟ್ಟೆನೋವಿನವನಿಗೆ ಇಲ್ಲದ ಈ ಮೂರನೆಯ ದುಃಖ ಚರ್ಮರೋಗಿಗೆ ತಪ್ಪಿದ್ದಲ್ಲ.

ಹೀಗೆ ಸರಿದು ಕೂರುವುದರ ಹಿಂದೆ ಒಂದು ಹಳೆಯ ಗೊಂದಲವಿದೆ. ನಮ್ಮ ಪ್ರಾಚೀನ ವೈದ್ಯಶಾಸ್ತ್ರದಲ್ಲಿ ‘ಕುಷ್ಠ’ ಎಂಬುದು ಒಂದೇ ರೋಗದ ಹೆಸರಾಗಿರಲಿಲ್ಲ. ೭ ಮಹಾಕುಷ್ಠಗಳು, ೧೧ ಕ್ಷುದ್ರಕುಷ್ಠಗಳು, ಒಟ್ಟು ೧೮ ಬಗೆಯ ಚರ್ಮವಿಕಾರಗಳನ್ನು ಆ ಒಂದು ಮಾತು ಒಳಗೊಂಡಿತ್ತು. ಕಾಲಕ್ರಮದಲ್ಲಿ ಹೆಸರು ಒಂದೇ ರೋಗಕ್ಕೆ ನಿಂತಿತು. ಭಯ ಮಾತ್ರ ಉಳಿದವುಗಳಿಗೂ ಅಂಟಿಕೊಂಡೇ ಉಳಿಯಿತು. ಆ ಒಂದು ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ನಾರ್ವೆ ದೇಶದ ಹ್ಯಾನ್ಸೆನ್ ೧೮೭೩ರಲ್ಲಿಯೇ ಕಂಡುಹಿಡಿದನು. ಕಳೆದ ಶತಮಾನದ ಎಂಬತ್ತರ ದಶಕದಿಂದ ಬಳಕೆಯಲ್ಲಿರುವ ಬಹು ಔಷಧ ಚಿಕಿತ್ಸೆಯಿಂದ ಅದು ಪೂರ್ಣವಾಗಿ ಗುಣವಾಗುತ್ತದೆ. ರೋಗಿಗಳನ್ನು ದೂರವಿಡಲೆಂದು ಬ್ರಿಟಿಷರು ೧೮೯೮ರಲ್ಲಿ ಮಾಡಿದ್ದ ಕಾನೂನನ್ನು ನಮ್ಮ ಸಂಸತ್ತು ೨೦೧೬ರಲ್ಲಿ ತೆಗೆದುಹಾಕಿತು. ಆದರೂ ಮುಖದ ಚರ್ಮ ದಪ್ಪಗಾಗಿ ಕಪ್ಪಿಟ್ಟ ಮನುಷ್ಯನೊಬ್ಬ ಬಸ್ಸು ಹತ್ತಿದರೆ ಪಕ್ಕದ ಜಾಗ ಬಹಳ ಹೊತ್ತು ಖಾಲಿಯಾಗಿಯೇ ಇರುತ್ತದೆ.

ಆ ಮನುಷ್ಯ ಕೋಲಾರದ ಕಡೆಯ ರೈತನಾಗಿದ್ದರೆ, ಅವನ ರೋಗ ಕುಷ್ಠವಲ್ಲದೆ, ಯಾರಿಗೂ ಅಂಟದ ಬೇರೊಂದು ಬೇನೆಯಾಗಿರುವ ಸಂಭವವುಂಟು. ಅದನ್ನು ತಂದದ್ದು ಪೂರ್ವಜನ್ಮದ ಪಾಪವಲ್ಲ, ನಾಗದೋಷವಲ್ಲ. ಅವನ ಹೊಲದ ಬದುವಿನ ಮೇಲೆ ಬೆಳೆದ ಒಂದು ಗಿಡ. ಒಂದು ಸೀಮೆಯ ಜನರ ಚರ್ಮವನ್ನು ಆ ಸೀಮೆಯ ಗಿಡಮರಗಳ ಮತ್ತು ಕಸುಬುಗಳ ಚರಿತ್ರೆಯಾಗಿ ಓದಲು ಸಾಧ್ಯವೆ? ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ—ಈ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಇಲ್ಲಿ ಅಂಥದೊಂದು ಪ್ರಯತ್ನ ಮಾಡಿದೆ.

ಒಂದು ಮರೆತ ಪ್ರಶ್ನೆ

ಇಟಲಿಯಲ್ಲಿ ಬರ್ನಾರ್ದಿನೊ ರಮಜ್ಜೀನಿ ಎಂಬ ವೈದ್ಯನಿದ್ದನು. ಕಸುಬುದಾರರ ರೋಗಗಳನ್ನು ಕುರಿತು ೧೭೦೦ರಲ್ಲಿ ಅವನು ಒಂದು ಗ್ರಂಥವನ್ನು ಪ್ರಕಟಿಸಿದನು. ರೋಗಿಗೆ ಕೇಳಬೇಕಾದ ಪ್ರಶ್ನೆಗಳ ಸಾಲಿಗೆ ಇನ್ನೊಂದನ್ನು ಸೇರಿಸಬೇಕೆಂಬುದು ಅವನ ಸಲಹೆ. ಆ ಪ್ರಶ್ನೆ: ‘ನೀನು ಏನು ಕೆಲಸ ಮಾಡುತ್ತೀಯೆ?’ ಇಷ್ಟು ಸಣ್ಣ ಪ್ರಶ್ನೆಯನ್ನು ಕೇಳಬೇಕೆಂದು ಒಬ್ಬನು ಪುಸ್ತಕ ಬರೆದು ಹೇಳಬೇಕಾಯಿತು!

ಚರ್ಮರೋಗದಲ್ಲಿ ಈ ಪ್ರಶ್ನೆಗೆ ಇರುವ ಬೆಲೆ ಬೇರೆಲ್ಲಿಯೂ ಇಲ್ಲವೆನ್ನಬಹುದು. ಕೋಲಾರದ ಕಡೆ ರೇಷ್ಮೆ ಬಿಚ್ಚುವವರನ್ನು ನೋಡಿ. ಗೂಡುಗಳನ್ನು ಬಿಸಿನೀರಿನಲ್ಲಿ ಬೇಯಿಸಿ, ಎಳೆಯ ತುದಿಯನ್ನು ಬೆರಳಿನಿಂದಲೇ ಹುಡುಕಿ ತೆಗೆಯಬೇಕು. ಬೆಳಗಿನಿಂದ ಸಂಜೆಯವರೆಗೆ ನೀರಿನಲ್ಲಿದ್ದ ಬೆರಳುಗಳು ಬೆಳ್ಳಗೆ ನೆನೆದು, ಸಂದುಗಳಲ್ಲಿ ಬಿರಿದು ಹುಣ್ಣಾಗುತ್ತವೆ. ಮಾಲೂರು ಹೆಂಚಿಗೂ ಇಟ್ಟಿಗೆಗೂ ಹೆಸರಾದ ಊರು. ಒದ್ದೆ ಮಣ್ಣು ತುಳಿದು, ಅಚ್ಚಿಗೆ ಹಾಕಿ, ಮತ್ತೆ ಬಿಸಿಲಿಗೆ ನಿಲ್ಲುವವರ ಅಂಗೈ ಅಂಗಾಲುಗಳು ಒಡೆಯದಿದ್ದರೆ ಅದೇ ಸೋಜಿಗ. ಮುಲಾಮು ಕೊಟ್ಟು ಕಳುಹಿಸುವುದು ಸುಲಭ. ನಾಳೆ ಬೆಳಿಗ್ಗೆ ಆ ಕೈ ಮತ್ತೆ ಅದೇ ನೀರಿಗೆ, ಅದೇ ಮಣ್ಣಿಗೆ ಇಳಿಯುತ್ತದೆ ಎಂಬುದನ್ನು ಮರೆತರೆ ಮಾತ್ರ ಆ ಮುಲಾಮು ವ್ಯರ್ಥ.

ಇವು ನೀರು, ಮಣ್ಣು, ಬಿಸಿಲುಗಳಿಂದ ಆಗುವ ಬೇನೆಗಳು. ಯಾರ ಕೈ ಇಟ್ಟರೂ ಆಗಬಹುದಾದವು. ಇದಕ್ಕಿಂತ ವಿಚಿತ್ರವಾದ ಇನ್ನೊಂದು ಜಾತಿಯುಂಟು. ಹತ್ತು ಜನ ಮುಟ್ಟಿದ ವಸ್ತು ಒಬ್ಬನನ್ನು ಮಾತ್ರ ಹಿಡಿಯುತ್ತದೆ. ದೇಹದ ಈ ವಿಪರೀತ ವರ್ತನೆಗೆ ವಿಯೆನ್ನಾದ ವೈದ್ಯ ಫಾನ್ ಪಿರ್ಕೆ ೧೯೦೬ರಲ್ಲಿ ‘ಅಲರ್ಜಿ’ ಎಂಬ ಹೆಸರಿಟ್ಟನು. ಅದಕ್ಕೂ ಮೊದಲು, ೧೮೯೫ರಲ್ಲಿ, ಜರ್ಮನಿಯ ಯಾಡಸೋನ್ ಒಂದು ಪರೀಕ್ಷೆಯನ್ನು ತೋರಿಸಿಕೊಟ್ಟಿದ್ದನು. ಅನುಮಾನವಿರುವ ವಸ್ತುವನ್ನು ಸ್ವಲ್ಪವೇ ತೆಗೆದುಕೊಂಡು ಚರ್ಮದ ಮೇಲೆ ಪಟ್ಟಿಯಂತೆ ಅಂಟಿಸುವುದು, ಕಾದು ನೋಡುವುದು, ಅಲ್ಲಿ ಕೆಂಪಾಗಿ ಗುಳ್ಳೆಯೆದ್ದರೆ ಕಳ್ಳ ಸಿಕ್ಕಿಬಿದ್ದ. ಇಂದು ರೋಗಿಯ ಬೆನ್ನಿನ ಮೇಲೆ ಇಂಥ ಹಲವು ಪಟ್ಟಿಗಳನ್ನು ಒಟ್ಟಿಗೆ ಅಂಟಿಸಿ ೪೮ ಗಂಟೆಗಳ ಬಳಿಕ ಬಿಚ್ಚಿ ನೋಡುತ್ತಾರೆ. ಬೆನ್ನು ಸಾಕ್ಷಿ ಹೇಳುತ್ತದೆ.

ಮಡಿವಾಳರ ಗುರುತು

ಗಿಡಮರಗಳಿಂದ ಬರುವ ಅಲರ್ಜಿ ನಮ್ಮ ನಾಡಿಗೆ ಹೊಸದಲ್ಲ. ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಕರಿಯ ಗೇರುಬೀಜವನ್ನು ಹಿರಿಯರು ಬಲ್ಲರು. ಇದು ಕರಾವಳಿಯವರು ಗೇರುಬೀಜವೆನ್ನುವ ಗೋಡಂಬಿಯಲ್ಲ; ಅದರ ಹತ್ತಿರದ ನಂಟು. ಸಂಸ್ಕೃತದಲ್ಲಿ ಇದಕ್ಕೆ ಭಲ್ಲಾತಕ ಎಂದು ಹೆಸರು. ಬೆಂಕಿಯಂಥ ವಸ್ತು, ಆದರೆ ಕ್ರಮವರಿತು ಬಳಸಿದರೆ ಅಮೃತಕ್ಕೆ ಸಮ ಎಂಬುದು ಚರಕಸಂಹಿತೆಯ ಅಭಿಪ್ರಾಯ. ಈ ಬೀಜದ ಸಿಪ್ಪೆಯಲ್ಲಿರುವ ಎಣ್ಣೆ ಬಟ್ಟೆಗೆ ತಾಕಿ ಸುಣ್ಣದೊಡನೆ ಸೇರಿದರೆ ಎಷ್ಟು ಒಗೆದರೂ ಹೋಗದ ಕಪ್ಪು ಗುರುತಾಗುತ್ತದೆ. ಮಡಿವಾಳರು ಯಾವ ಮನೆಯ ಬಟ್ಟೆ ಯಾವುದೆಂದು ತಿಳಿಯಲು ಹಾಕುತ್ತಿದ್ದ ಚುಕ್ಕೆ, ಗೆರೆ, ಕತ್ತರಿಗುರುತುಗಳೆಲ್ಲ ಈ ಎಣ್ಣೆಯವು. ಅಕ್ಷರವಿಲ್ಲದ ಲೆಕ್ಕಪುಸ್ತಕ ಅದು. ತಪ್ಪು ಮಾತ್ರ ಅಪರೂಪ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದಿಳಿದ ಅಮೆರಿಕದ ಸೈನಿಕರಲ್ಲಿ ಕೆಲವರಿಗೆ ಕುತ್ತಿಗೆಯ ಹಿಂಭಾಗದಲ್ಲಿ ನಾಣ್ಯದಗಲದ ಗಾಯವೇಳತೊಡಗಿತು. ವೈದ್ಯರು ಹುಡುಕಿದರು. ಗಾಯವಿದ್ದ ಕಡೆಗೆ ಸರಿಯಾಗಿ ಅಂಗಿಯ ಕಾಲರಿನಲ್ಲಿ ಮಡಿವಾಳನ ಗುರುತಿತ್ತು! ೧೯೪೩ರಲ್ಲಿ ಸೇನಾವೈದ್ಯರು ಇದನ್ನು ವೈದ್ಯಪತ್ರಿಕೆಯಲ್ಲಿ ವರದಿಮಾಡಿದರು. ಅಮೆರಿಕದ ಕಾಡುಗಳಲ್ಲಿರುವ ‘ವಿಷದ ಐವಿ’ ಬಳ್ಳಿಯೂ ನಮ್ಮ ಗೇರೂ ಒಂದೇ ಸಸ್ಯಕುಟುಂಬದವು. ಎರಡರಲ್ಲಿಯೂ ಇರುವ ಎಣ್ಣೆಗಳು ಸೋದರರು. ಊರಿನಲ್ಲಿ ಬಳ್ಳಿ ಮುಟ್ಟಿ ಕೆಟ್ಟಿದ್ದ ಚರ್ಮ ಸಾವಿರಾರು ಮೈಲಿ ದೂರದಲ್ಲಿ ಹಳೆಯ ಶತ್ರುವನ್ನು ಗುರುತುಹಿಡಿಯಬಲ್ಲುದು. ಚರ್ಮಕ್ಕೆ ಇಂಥ ನೆನಪಿನ ಶಕ್ತಿಯುಂಟು.

ಈ ಕುಟುಂಬದ ಇನ್ನೊಬ್ಬ ಸದಸ್ಯ ನಮಗೆಲ್ಲ ಬಹಳ ಬೇಕಾದವನು; ಮಾವು. ಶ್ರೀನಿವಾಸಪುರವೆಂದರೆ ಮಾವು ಎಂಬಷ್ಟು ಆ ತಾಲ್ಲೂಕು ಮಾವಿಗೆ ಹೆಸರಾಗಿದೆ. ಬಾದಾಮಿ, ರಸಪುರಿ, ತೋತಾಪುರಿ, ನೀಲಂಗಳ ಸುಗ್ಗಿಯಲ್ಲಿ ಮಂಡಿಗಳ ಮುಂದೆ ಲಾರಿಗಳ ಸಾಲು ನಿಲ್ಲುತ್ತದೆ. ಪಟ್ಟಣದ ನಾವು ನೋಡುವುದು ತೊಳೆದು ಜೋಡಿಸಿದ ಹಣ್ಣನ್ನು. ಮರದಿಂದ ಕಾಯಿ ಕಿತ್ತವನು ನೋಡುವುದು ಸೊನೆಯನ್ನು. ತೊಟ್ಟು ಮುರಿದ ಗಳಿಗೆಯಲ್ಲಿ ಚಿಮ್ಮುವ ಆ ರಸ ಹಣ್ಣಿನ ಸಿಪ್ಪೆಯನ್ನೇ ಸುಟ್ಟು ಕಪ್ಪಾಗಿಸುತ್ತದೆ. ಮನುಷ್ಯನ ತೋಳನ್ನು ಬಿಡುತ್ತದೆಯೆ? ಕೆಲವರಿಗೆ ಅದು ಸುಟ್ಟ ಕಲೆಯಾಗಿ ನಾಲ್ಕು ದಿನದಲ್ಲಿ ಮಾಯುತ್ತದೆ. ಅಲರ್ಜಿಯವರಿಗೆ ಒಂದೆರಡು ದಿನ ತಡೆದು ಗುಳ್ಳೆಯೆದ್ದು ತುರಿಸುತ್ತದೆ. ಹಣ್ಣು ತಿಂದ ಮಗುವಿನ ಬಾಯಿಯ ಸುತ್ತ ಕೆಂಪು ಬರುವುದೂ ಬಹುಮಟ್ಟಿಗೆ ತಿರುಳಿನ ತಪ್ಪಲ್ಲ, ಸಿಪ್ಪೆ ಮತ್ತು ತೊಟ್ಟಿನದು. ನಮ್ಮ ಅಜ್ಜಿಯರು ಮಾವನ್ನು ನೀರಿನಲ್ಲಿ ನೆನೆಹಾಕಿ, ತೊಟ್ಟಿನ ಭಾಗವನ್ನು ಕೊಯ್ದೆಸೆದು ಮಕ್ಕಳಿಗೆ ಕೊಡುತ್ತಿದ್ದುದರಲ್ಲಿ ಅರ್ಥವಿದೆ.

ಗೇರಿಗೂ ಮಾವಿಗೂ ಒಂದು ಸೌಜನ್ಯವಿದೆ. ಅವು ಇರುವ ಜಾಗ ಗೊತ್ತು, ಕಾಲ ಗೊತ್ತು, ಬೇಕೆಂದರೆ ತಪ್ಪಿಸಿಕೊಳ್ಳಬಹುದು. ಈಗ ಹೇಳಲಿರುವ ಗಿಡಕ್ಕೆ ಆ ಸೌಜನ್ಯವೂ ಇಲ್ಲ.

ಬಿಳಿ ಟೋಪಿಯ ಅತಿಥಿ

ಕ್ಯಾರೆಟ್ಟಿನ ಎಲೆಯಂಥ ಎಲೆ, ಆಳೆತ್ತರದವರೆಗೂ ಬೆಳೆಯುವ ಕಾಂಡ, ತುದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಬಿಳಿಯ ಹೂಗಳು. ಸಸ್ಯಶಾಸ್ತ್ರಜ್ಞರಿಗೆ ಇದು ಪಾರ್ಥೇನಿಯಂ. ಕನ್ನಡಿಗರಿಗೆ ಕಾಂಗ್ರೆಸ್ ಗಿಡ. ಹೂವು ಕಾಂಗ್ರೆಸ್ಸಿಗರ ಬಿಳಿ ಟೋಪಿಯಂತಿರುವುದರಿಂದ ಈ ಹೆಸರು ಬಂದಿತೆಂದು ಕೆಲವರು. ಕಾಂಗ್ರೆಸ್ ಸರ್ಕಾರ ತರಿಸಿದ ಅಮೆರಿಕದ ಗೋದಿಯ ಜೊತೆಯಲ್ಲಿ ಬಂದುದರಿಂದ ಎಂದು ಇನ್ನು ಕೆಲವರು.

ಈ ಎರಡನೆಯ ಕಥೆಯನ್ನು ಸ್ವಲ್ಪ ಪರೀಕ್ಷಿಸಬೇಕು. ಪಿ.ಎಲ್. ೪೮೦ ಎಂದು ಪ್ರಸಿದ್ಧವಾದ ಅಮೆರಿಕದ ಕಾಯಿದೆ ಆದದ್ದು ೧೯೫೪ರಲ್ಲಿ. ಅದರಂತೆ ಭಾರತದೊಡನೆ ಮೊದಲ ಒಪ್ಪಂದವಾದದ್ದು ೧೯೫೬ರ ಆಗಸ್ಟಿನಲ್ಲಿ. ಆದರೆ ಪುಣೆಯಲ್ಲಿ ಆರ್. ಎಸ್. ರಾವ್ ಎಂಬ ಸಸ್ಯಶಾಸ್ತ್ರಜ್ಞರು ಈ ಗಿಡವನ್ನು ೧೯೫೫ರಲ್ಲಿಯೇ ಕಂಡಿದ್ದರು. ಭಾರತಕ್ಕೆ ಹೊಸ ಸಸ್ಯವೆಂದು ೧೯೫೬ರಲ್ಲಿ ಪ್ರಕಟಿಸಿದರು. ಅತಿಥಿ ಆಮಂತ್ರಣಕ್ಕಿಂತ ಮುಂಚೆಯೇ ಬಂದು ಕುಳಿತಿದ್ದನೆಂದಾಯಿತು! ೧೯೫೧ರಲ್ಲಿಯೂ ಅಮೆರಿಕದಿಂದ ಸಾಲದ ರೂಪದಲ್ಲಿ ಧಾನ್ಯ ಬಂದಿತ್ತು. ಬೀಜ ಅದರೊಡನೆ ಬಂದಿರಬಹುದು. ಇನ್ನೂ ಹಿಂದಕ್ಕೆ ಹೋದರೆ, ಕಲ್ಕತ್ತೆಯ ಕಂಪನಿ ತೋಟದ ಗಿಡಗಳನ್ನು ಕುರಿತು ೧೮೧೪ರಲ್ಲಿ ಅಚ್ಚಾದ ರಾಕ್ಸ್‌ಬರ್ಗನ ಪಟ್ಟಿಯಲ್ಲಿಯೇ ಈ ಹೆಸರಿದೆ. ಹೀಗಾಗಿ ತಪ್ಪೆಲ್ಲ ಒಂದೇ ಹಡಗಿನದೆಂದು ತೀರ್ಪು ಕೊಡುವುದು ಕಷ್ಟ. ಐವತ್ತರ ದಶಕದಿಂದೀಚೆಗೆ ಅದು ದೇಶದ ತುಂಬ ಹಬ್ಬಿತೆಂಬುದು ಮಾತ್ರ ನಿಶ್ಚಯ. ಒಂದು ಗಿಡ ಹತ್ತು ಸಾವಿರಕ್ಕೂ ಮೀರಿ ಬೀಜ ಚೆಲ್ಲಬಲ್ಲುದು. ಬೀಜಗಳು ಗಾಳಿಯಲ್ಲಿ, ನೀರಿನಲ್ಲಿ, ಲಾರಿಯ ಚಕ್ರದಲ್ಲಿ, ಗೊಬ್ಬರದ ಗಾಡಿಯಲ್ಲಿ ಪ್ರಯಾಣ ಮಾಡುತ್ತವೆ.

ಕೋಲಾರ ಸೀಮೆಯಂಥ ಕಡೆ ಅದಕ್ಕೆ ಅನುಕೂಲಗಳು ಹೆಚ್ಚು. ವರ್ಷವೆಲ್ಲ ಹರಿಯುವ ನದಿ ಇಲ್ಲಿಲ್ಲ. ಹಿರಿಯರು ಕಟ್ಟಿದ ಕೆರೆಗಳೇ ಆಧಾರ. ಮಳೆ ಕೈಕೊಟ್ಟ ವರ್ಷ ಕೆರೆಯಂಗಳ ಒಣಗುತ್ತದೆ, ಹೊಲ ಬೀಳುಬೀಳುತ್ತದೆ. ಮನುಷ್ಯನು ಕೈಬಿಟ್ಟ ನೆಲವನ್ನು ಮೊದಲು ಹಿಡಿಯುವುದೇ ಈ ಗಿಡ. ರಸ್ತೆಯ ಅಂಚು, ಖಾಲಿ ನಿವೇಶನ, ಕಲ್ಲುಕ್ವಾರಿಯ ಪಕ್ಕ, ಊರ ತಿಪ್ಪೆ—ಯಾವುದೂ ಅದಕ್ಕೆ ವರ್ಜ್ಯವಲ್ಲ. ದನಗಳು ಸಾಮಾನ್ಯವಾಗಿ ಮೂಸಿ ಬಿಡುತ್ತವೆ. ಹಸಿವಿಗೆ ತಿಂದರೆ ಹಾಲು ಕಹಿಯಾಗುತ್ತದೆ.

ಗಿಡದ ಮೈಮೇಲಿನ ಸಣ್ಣ ರೋಮಗಳಲ್ಲಿ ಪಾರ್ಥೇನಿನ್ ಎಂಬ ಕಹಿವಸ್ತುವಿದೆ. ಅದರ ರಾಸಾಯನಿಕ ರಚನೆಯನ್ನು ಅಮೆರಿಕದ ಹರ್ಟ್ಸ್ ಮತ್ತು ಅವರ ಸಂಗಡಿಗರು ೧೯೬೨ರಲ್ಲಿ ಪ್ರಕಟಿಸಿದರು. ಪುಣೆಯ ರೋಗಿಗಳ ಚರ್ಮದ ಮೇಲೆ ಅದು ಮಾಡಿದ ಅನಾಹುತವನ್ನು ಲೋಣಕರ್, ಮಿಚೆಲ್, ಕಾಲ್ನನ್ ಎಂಬ ಮೂವರು ವೈದ್ಯರು ೧೯೭೪ರಲ್ಲಿ ಲೋಕಕ್ಕೆ ವಿವರಿಸಿದರು.

ಇದು ಹಿಡಿಯುವ ಬಗೆಯನ್ನು ತಿಳಿಯಲು ಮುಳಬಾಗಿಲಿನ ಕಡೆಯ ಒಬ್ಬ ರೈತನನ್ನು ಕಲ್ಪಿಸಿಕೊಳ್ಳೋಣ. ಹತ್ತು ವರ್ಷ ಆ ಗಿಡದ ನಡುವೆಯೇ ಓಡಾಡಿದ್ದಾನೆ, ಬರಿಗೈಯಲ್ಲಿ ಕಿತ್ತಿದ್ದಾನೆ, ಏನೂ ಆಗಿಲ್ಲ. ನಲವತ್ತು ದಾಟಿದ ಮೇಲೆ ಒಂದು ಮಳೆಗಾಲದಲ್ಲಿ ಕಣ್ಣುರೆಪ್ಪೆ ತುರಿಸುತ್ತದೆ. ಕತ್ತಿನ ಇಕ್ಕೆಲ, ಮೊಣಕೈಯ ಮಡಿಕೆ ಕೆಂಪಾಗುತ್ತವೆ. ಮಳೆಗಾಲ ಮುಗಿದರೆ ವಾಸಿ. ಮರುವರ್ಷ ಮತ್ತೆ ಬರುತ್ತದೆ, ಹೆಚ್ಚು ದಿನ ನಿಲ್ಲುತ್ತದೆ. ಕೆಲವು ವರ್ಷಗಳಾದ ಮೇಲೆ ಋತುವಿನ ಲೆಕ್ಕ ತಪ್ಪಿ ಹನ್ನೆರಡು ತಿಂಗಳೂ ಉಳಿಯುತ್ತದೆ. ಕೆರೆದು ಕೆರೆದು ಚರ್ಮ ಆನೆಯ ತೊಗಲಿನಂತೆ ದಪ್ಪವಾಗುತ್ತದೆ, ಹಣೆಯಲ್ಲಿ ನೆರಿಗೆಗಳೇಳುತ್ತವೆ, ಬಿಸಿಲೇ ವೈರಿಯಾಗುತ್ತದೆ. ಆತ ಈಗ ಗಿಡವನ್ನು ಮುಟ್ಟಬೇಕಾದುದೂ ಇಲ್ಲ. ಒಣಗಿದ ಗಿಡದ ಧೂಳು ಗಾಳಿಯಲ್ಲಿ ತೇಲಿಬಂದರೆ ಸಾಕು. ರಾತ್ರಿ ನಿದ್ರೆಯಿಲ್ಲ, ಹಗಲು ಹೊಲದ ಕೆಲಸವಿಲ್ಲ. ಅವನ ಮುಖವನ್ನು ಕಂಡ ನೆಂಟರು ಒಬ್ಬರಿಗೊಬ್ಬರು ಏನೋ ಹೇಳಿಕೊಳ್ಳುತ್ತಾರೆ. ಮಗಳ ಮದುವೆಯ ಮಾತು ಅರ್ಧಕ್ಕೆ ನಿಲ್ಲುತ್ತದೆ. ಅರಳಿಕಟ್ಟೆಯ ನಾಗರಕಲ್ಲಿಗೆ ಹಾಲೆರೆದದ್ದಾಯಿತು, ಹರಕೆ ತೀರಿಸಿದ್ದಾಯಿತು. ಕಟ್ಟೆಯ ಬುಡದಲ್ಲಿಯೇ ಬಿಳಿ ಹೂ ಬಿಟ್ಟು ನಿಂತ ಗಿಡವನ್ನು ಯಾರೂ ನೋಡಲಿಲ್ಲ.

ಕಾನೂನು, ಕೀಟ, ಮುಲಾಮು

ಸರ್ಕಾರ ಸುಮ್ಮನಿತ್ತೆನ್ನುವಂತಿಲ್ಲ. ೧೯೬೮ರ ಕೃಷಿ ಕೀಟ ಮತ್ತು ರೋಗಗಳ ಕಾಯಿದೆಯ ಮೇರೆಗೆ ಕರ್ನಾಟಕವು ೧೯೭೫ರಲ್ಲಿ ಈ ಗಿಡವನ್ನು ಉಪದ್ರವಕಾರಿ ಕಳೆಯೆಂದು ಸಾರಿತು. ತನ್ನ ನೆಲದಲ್ಲಿ ಬೆಳೆದುದನ್ನು ಕೀಳುವುದು ಒಡೆಯನ ಹೊಣೆ ಎಂದಾಯಿತು. ಆದರೆ ಕೆರೆಯಂಗಳಕ್ಕೆ, ರಸ್ತೆಯ ಅಂಚಿಗೆ, ಗೋಮಾಳಕ್ಕೆ ಒಡೆಯನಾರು? ಒಬ್ಬನು ತನ್ನ ಒಂದು ಎಕರೆಯನ್ನು ಶುದ್ಧಮಾಡಿದರೆ ಪಕ್ಕದ ಬೀಳಿನಿಂದ ಬೀಜ ಬಂದು ಬೀಳುತ್ತದೆ.

ಕಾನೂನಿನಿಂದ ಆಗದುದನ್ನು ಕೀಟದಿಂದ ಮಾಡಿಸಲು ವಿಜ್ಞಾನಿಗಳು ನೋಡಿದರು. ಗಿಡದ ತವರಾದ ಮೆಕ್ಸಿಕೋ ದೇಶದಿಂದ, ಅದರ ಎಲೆಯನ್ನೇ ತಿಂದು ಬದುಕುವ ಒಂದು ಪುಟ್ಟ ದುಂಬಿಯನ್ನು ೧೯೮೩ರಲ್ಲಿ ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಗೆ ತಂದು, ಪರೀಕ್ಷಿಸಿ, ಮರುವರ್ಷ ಬಯಲಿಗೆ ಬಿಟ್ಟರು. ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಸುತ್ತ ಎಕರೆಗಟ್ಟಲೆ ಗಿಡಗಳು ಎಲೆಯಿಲ್ಲದೆ ನಿಂತವು. ದುಂಬಿ ಸೂರ್ಯಕಾಂತಿಯ ಎಲೆಗೂ ಬಾಯಿಹಾಕಿತೆಂದು ತೊಂಬತ್ತರ ದಶಕದ ಆದಿಯಲ್ಲಿ ದೊಡ್ಡ ವಿವಾದವೆದ್ದು, ಬೆಳೆಗೆ ಹೇಳಿಕೊಳ್ಳುವಂಥ ಅಪಾಯವಿಲ್ಲವೆಂದು ತೀರ್ಮಾನವಾಯಿತು. ಆ ದುಂಬಿ ಮಳೆಗಾಲದ ಕೆಲಸಗಾರ. ಒಣದಿನಗಳಲ್ಲಿ ಮಣ್ಣಿನೊಳಗೆ ನಿದ್ರೆಹೋಗುತ್ತದೆ. ಅದು ಏಳುವ ಮೊದಲೇ ಮುಂಗಾರಿನ ಮೊದಲ ಹನಿಗೆ ಗಿಡ ಎದ್ದಿರುತ್ತದೆ. ತಗಚೆಯ ಜಾತಿಯ ಗಿಡಗಳನ್ನು ಒತ್ತಾಗಿ ಬೆಳೆಸಿ ಇದನ್ನು ಅದುಮುವ ಉಪಾಯವನ್ನೂ ನಮ್ಮ ರಾಜ್ಯದಲ್ಲಿ ಪ್ರಯೋಗಿಸಿದ್ದಾರೆ. ಎಲ್ಲ ಉಪಾಯಗಳೂ ಸ್ವಲ್ಪ ಸ್ವಲ್ಪ ಗೆದ್ದಿವೆ, ಗಿಡ ಸೋತಿಲ್ಲ.

ವೈದ್ಯರ ಕಡೆಯಿಂದಲೂ ಸಹಾಯವಿದೆ. ಊತ, ತುರಿಕೆಗಳನ್ನು ಸ್ಟೀರಾಯ್ಡ್ ಮುಲಾಮು ತಗ್ಗಿಸುತ್ತದೆ. ರೋಗ ಬಲವಾಗಿದ್ದರೆ ಅಜತಯೋಪ್ರಿನ್ ಎಂಬ ಮಾತ್ರೆ ಅನೇಕರಿಗೆ ಗುಣಕೊಟ್ಟಿದೆ; ಅದನ್ನು ಆಗಾಗ ರಕ್ತಪರೀಕ್ಷೆ ಮಾಡಿಸುತ್ತ, ವೈದ್ಯರ ಕಣ್ಣೆದುರಿನಲ್ಲಿಯೇ ತೆಗೆದುಕೊಳ್ಳಬೇಕು. ತುಂಬುತೋಳಿನ ಅಂಗಿ, ತಲೆವಸ್ತ್ರ, ಹೊಲದಿಂದ ಬಂದೊಡನೆ ಸ್ನಾನ, ಬಟ್ಟೆಯ ಬದಲಾವಣೆ—ಇವು ಔಷಧಕ್ಕೆ ಸಮ. ಗಿಡವನ್ನು ಹೂ ಬಿಡುವ ಮೊದಲೇ, ಕೈಗವಸು ಹಾಕಿಕೊಂಡು ಕೀಳಬೇಕು. ಆ ಕೆಲಸವನ್ನು ಅಲರ್ಜಿಯಿಲ್ಲದವರು ಮಾಡಬೇಕು.

ಇನ್ನೊಂದು ಎಚ್ಚರವೂ ಅಗತ್ಯ. ಹೆಸರು ಕೇಳದೆ ಅಂಗಡಿಯಿಂದ ತಂದು ಹಚ್ಚುವ ಸ್ಟೀರಾಯ್ಡ್ ಮುಲಾಮು ಇಸಬನ್ನು ತಗ್ಗಿಸಬಹುದು. ಹುಳುಕಡ್ಡಿಯನ್ನು ಮಾತ್ರ ಬೆಳೆಸುತ್ತದೆ. ಎರಡೂ ತುರಿಸುತ್ತವೆ, ಎರಡೂ ಕೆಂಪು. ವ್ಯತ್ಯಾಸ ಬಲ್ಲವರು ಬೇಕು. ಹಿಂದೆ ಇಂಥ ಪರೀಕ್ಷೆಗೆಂದು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ದಾರಿ ಹಿಡಿಯಬೇಕಾಗಿದ್ದ ಜನಕ್ಕೆ ಈಗ ಹತ್ತಿರದಲ್ಲಿಯೇ ಅನುಕೂಲವಿದೆ. ಕೋಲಾರದಲ್ಲಿ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯಿದೆ. ೧೯೮೬ರಲ್ಲಿ ಟಮಕದಲ್ಲಿ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು ಆರಂಭವಾಯಿತು. ಶ್ರೀನಿವಾಸಪುರದ ರೈತ ಬೆಳಿಗ್ಗೆ ಬಸ್ಸು ಹತ್ತಿ ಸಂಜೆಗೆ ಮನೆ ಸೇರಬಹುದು.

ಆದರೆ ಮನೆ ಸೇರಿದ ಮೇಲೆ? ‘ಗಿಡದಿಂದ ದೂರವಿರು’ ಎಂಬುದು ವೈದ್ಯನು ಕೊಡಬಹುದಾದ ಅತ್ಯುತ್ತಮ ಸಲಹೆ. ಪಟ್ಟಣದ ಗುಮಾಸ್ತನಾಗಿದ್ದರೆ ಅದನ್ನು ಪಾಲಿಸಿಯಾನು. ರೈತನ ಪಾಲಿಗೆ ಅದು ‘ಹೊಲದಿಂದ ದೂರವಿರು’ ಎಂದಂತೆ. ಇಲ್ಲಿ ರೋಗ ಒಬ್ಬನ ಮೈಯಲ್ಲಿದೆ, ಅದರ ಬೇರು ಊರಿನ ನೆಲದಲ್ಲಿದೆ. ಅವನು ಮುಲಾಮು ಹಚ್ಚಿಕೊಳ್ಳಬಲ್ಲ. ಕೆರೆಯಂಗಳವನ್ನು ಒಬ್ಬನೇ ಶುಚಿಮಾಡಲಾರ. ಅದು ಪಂಚಾಯಿತಿಯ, ಊರವರ ಒಟ್ಟು ಕೆಲಸ. ಜೂನ್ ತಿಂಗಳ ಮೊದಲ ಮಳೆಗೆ ಸಸಿ ಎದ್ದ ವಾರದಲ್ಲಿ, ಹೂ ಮೂಡುವ ಮುನ್ನ, ವರ್ಷವರ್ಷವೂ ಬೇಸರಿಸದೆ ಮಾಡಬೇಕಾದ ಕೆಲಸ.

ಪಟ್ಟಣದ ನಮಗೂ ಒಂದು ಪಾಲಿದೆ, ಅದು ಅಷ್ಟು ಕಷ್ಟದ್ದೂ ಅಲ್ಲ. ಮುಂದಿನ ಸಲ ಕೋಲಾರದ ಬಸ್ಸಿನಲ್ಲಿ ಅಂಥ ಮುಖದವನೊಬ್ಬನ ಪಕ್ಕದಲ್ಲಿ ಜಾಗ ಖಾಲಿಯಿದ್ದರೆ ಹೋಗಿ ಕೂರಬಹುದು. ಕುಳಿತ ಮೇಲೆ, ‘ಏನು ಕೆಲಸ ಮಾಡ್ತೀರಪ್ಪಾ? ಹೊಲದ ಹತ್ರ ಕಾಂಗ್ರೆಸ್ ಗಿಡ ಜಾಸ್ತಿಯಾ?’ ಎಂದು ಕೇಳಬಹುದು. ಉತ್ತರ ಕೋಲಾರ ಬರುವವರೆಗೂ ಮುಗಿಯಲಿಕ್ಕಿಲ್ಲ.